ಹಮೂಂಗಾ ಆಡಿದ ತಮಾಷೆಗಳು

ಅಕ್ಟೋಬರ್ 14, ಸೋಮವಾರ

ಬೆಳಿಗ್ಗೆಯಿಂದ ಕರೆಂಟಿಲ್ಲ. ಇದ್ದಿಲ ಒಲೆಯಲ್ಲೇ ಚಹಾ. ಐದನೇ ತರಗತಿಯ ನಲವತ್ತೊಂದು ಗಣಿತದ ಪುಸ್ತಕ ತಿದ್ದಿದೆ, ಭಾಗಾಕಾರ ಬಂದದ್ದು ಆರೇ ಮಕ್ಕಳಿಗೆ. ಶುಕ್ರವಾರ ಇವರನ್ನೆಲ್ಲ ಜಲಪಾತಕ್ಕೆ ಕರೆದೊಯ್ಯಬೇಕಂತೆ. ಹೆಡ್‌ಮಾಸ್ಟರರ ಅಪ್ಪಣೆ. ಹನ್ನೊಂದು ವರ್ಷದಿಂದ ಲಿವಿಂಗ್‌ಸ್ಟನ್‌ನಲ್ಲಿದ್ದೇನೆ, ಸ್ವಂತ ಖುಷಿಗೆ ಒಮ್ಮೆಯೂ ಅಲ್ಲಿಗೆ ಹೋದವಳಲ್ಲ. ಈ ವರ್ಷವಂತೂ ಮಳೆ ಕೈಕೊಟ್ಟು ನಮ್ಮ ಜಾಂಬಿಯಾ ಕಡೆ ಬರೀ ಬಂಡೆಯಂತೆ. ನೋಡುವುದಕ್ಕೇನಿದೆ...

ಗೇಟಿನಲ್ಲಿ ಹಮೂಂಗಾ ಸಿಕ್ಕ. ಪಕ್ಕದ ಮನೆಯವನು. ಜಿಂಬಾಬ್ವೆಗೆ ದಾಟುವ ಸೇತುವೆಯ ಗಡಿಠಾಣೆಯಲ್ಲಿ ಪಾಸಿಗೆ ಮುದ್ರೆ ಒತ್ತುವ ಕೆಲಸ. ಅವನು ದನ ಸಾಕುವ ಟೋಂಗಾ ಕುಲ, ನಾವು ಲೋಜಿ ಕುಲ — ಅಜ್ಜಂದಿರ ಕಾಲದಿಂದ ಒಬ್ಬರನ್ನೊಬ್ಬರು ಹಂಗಿಸುವ ನಂಟು. ಸಾವಿನ ಮನೆಯಲ್ಲೂ ಬಿಡುವುದಿಲ್ಲ. ಸಿಟ್ಟಾದವರೇ ಸೋತ ಹಾಗೆ.

"ಏ ಲೋಜಿ, ಗಂಡ ಇನ್ನೂ ಸೊಲ್ವೆಜಿ ಗಣೀಲಿ ಲಾರಿ ಓಡಿಸ್ತಿದಾನೆ ಅಂತಾನೇ ಅನ್ಕೊಂಡಿದೀಯಾ? ಸೇತುವೆ ಆಚೆ ಟೂರಿಸ್ಟ್‌ಗಳ ಫೋಟೋ ತೆಗೀತಿದಾನೆ ಅಂತ ಎಷ್ಟು ಸಲ ಹೇಳ್ಲಿ?"

"ನಿಂಗೆ ದನ ಬಿಟ್ರೆ ಬೇರೇನೂ ನೆಟ್ಟಗೆ ಕಾಣಲ್ಲ, ಟೋಂಗಾ. ಹೋಗಿ ಹಾಲು ಕುಡಿ."

ಇಬ್ಬರೂ ನಕ್ಕೆವು. ಮಧ್ಯಾಹ್ನ ಲಿಕಾಂಡೋ ಫೋನ್ ಮಾಡಿದ್ದ. ಡಬಲ್ ಶಿಫ್ಟಂತೆ, ಇನ್ನು ಕ್ರಿಸ್‌ಮಸ್‌ಗೇ ಮನೆಗೆ ಬರುವುದು. ಸೊರಗಿರುತ್ತಾನೆ ಪಾಪ, ನನ್ನ ಗಂಡ.

ಅಕ್ಟೋಬರ್ 18, ಶುಕ್ರವಾರ, ಸಂಜೆ 5

ಕ್ರಮವಾಗಿ ಬರೆಯಬೇಕು.

ಹತ್ತೂವರೆಗೆ ಜಲಪಾತದ ಎದುರಿನ ನೈಫ್ ಎಡ್ಜ್ ಬಂಡೆಯ ತುದಿ ತಲುಪಿದೆವು. ಏಪ್ರಿಲ್‌ನಲ್ಲಾದರೆ ಅಲ್ಲಿ ಪಕ್ಕದಲ್ಲಿ ನಿಂತವರ ಮುಖ ಕಾಣದಷ್ಟು ನೀರಿನ ಹೊಗೆ. ಇವತ್ತು ಒಂದು ಹನಿ ಇಲ್ಲ. ಕಣಿವೆಯ ಆಚೆ ಜಿಂಬಾಬ್ವೆಯ ತುದಿ, ಅಲ್ಲಿ ನಿಂತ ಜನ, ಅವರ ಟೋಪಿಯ ಬಣ್ಣ ಕೂಡ ಸ್ಪಷ್ಟ. ಮಕ್ಕಳು ಕೈಬೀಸಿದರು. ಆಚೆಯವರೂ ಬೀಸಿದರು.

ಅವರಲ್ಲೊಬ್ಬ ಕ್ಯಾಮೆರಾದವನು. ಒಂದು ಮೊಣಕಾಲೂರಿ, ಎಡಗೈಯಲ್ಲಿ ಟೋಪಿಯನ್ನು ಹಿಂದಕ್ಕೆ ತಳ್ಳಿದ. ಹಾಗೆ ಟೋಪಿ ತಳ್ಳುವವನು ಭೂಮಿಯ ಮೇಲೆ ಒಬ್ಬನೇ ಅಂದುಕೊಂಡಿದ್ದೆ, ಇನ್ನೊಬ್ಬನೂ ಇದ್ದಾನಲ್ಲ ಎಂದು ನಗು ಬಂತು. ನಿಜವಾಗಿಯೂ ನಗು ಬಂತು. "ನಿನ್ನಂಥವನೇ ಇಲ್ಲೊಬ್ಬ ಇದ್ದಾನೆ" ಎಂದು ಹೇಳೋಣವೆಂದು ಲಿಕಾಂಡೋಗೆ ಫೋನ್ ಹಚ್ಚಿದೆ.

ಆಚೆಯವನು ಕ್ಯಾಮೆರಾ ಇಳಿಸಿದ. ಜೇಬಿಗೆ ಕೈ ಹಾಕಿದ. ಫೋನ್ ತೆಗೆದು ನೋಡಿದ. ಗುಂಪಿನಿಂದ ನಾಲ್ಕು ಹೆಜ್ಜೆ ದೂರ ಹೋಗಿ ಕಿವಿಗಿಟ್ಟ.

"ಹೇಳು ನಾಸಿಲೆಲೆ. ಲಾರಿ ಲೋಡ್ ಆಗ್ತಿದೆ, ಗಣೀಲಿ ಗದ್ದಲ. ಏನ್ ವಿಷ್ಯ?"

"ಏನಿಲ್ಲ. ಊಟ ಆಯ್ತಾ ಅಂತ."

"ಈಗೆಲ್ಲಿ ಊಟ ಕಣೇ. ಸಂಜೆ ನಾನೇ ಮಾಡ್ತೀನಿ."

ಫೋನ್ ಜೇಬಿಗೆ ಹೋಯಿತು. ಅಲ್ಲಿ, ನನ್ನ ಕಣ್ಣೆದುರು. ಮತ್ತೆ ಮೊಣಕಾಲೂರಿದ. ಒಬ್ಬಳು ಬಿಳಿಯ ಹೆಂಗಸಿಗೆ ಸ್ವಲ್ಪ ಈ ಕಡೆ ಸರಿಯಿರಿ ಎಂದು ಕೈಸನ್ನೆ ಮಾಡಿದ.

ಮಕ್ಕಳನ್ನು ಎಣಿಸಿದೆ, ನಲವತ್ತು. ಮತ್ತೆ ಎಣಿಸಿದೆ, ನಲವತ್ತೆರಡು. ಕೊನೆಗೆ ಜೊತೆಗಿದ್ದ ಮೇಷ್ಟ್ರೇ ಎಣಿಸಿ ಬಸ್ ಹತ್ತಿಸಿದರು.

ಅಕ್ಟೋಬರ್ 19, ಶನಿವಾರ

ಊಟ ಸೇರುತ್ತಿಲ್ಲ. ಹಮೂಂಗಾ ಹೇಳಿದ್ದು ನಿಜ. ಹಾಗಾದರೆ ಅವನ ಉಳಿದ ತಮಾಷೆಗಳು?

ಈ ದಿನಚರಿಯನ್ನೇ ಹಿಂದಕ್ಕೆ ತಿರುವಿದೆ. ನಗು ಬಂದದ್ದನ್ನೆಲ್ಲ ಬರೆದಿಡುವ ಚಾಳಿ ನನ್ನದು.

ಫೆಬ್ರವರಿ 2ರಲ್ಲಿ ಬರೆದಿದ್ದೇನೆ: "ಗಂಡನನ್ನು ಗಣಿ ಕೆಲಸದಿಂದ ತೆಗೆದು ಎರಡು ವರ್ಷವಾಯಿತಂತೆ, ಗಡಿ ದಾಟುವ ಪಾಸಿಗೆ ಹಮೂಂಗಾನೇ ಮುದ್ರೆ ಒತ್ತಿದನಂತೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು."

ಮೇ 11: "ಸೇತುವೆಯಾಚೆ ಚಿನೊಟಿಂಬಾ ಮಾರ್ಕೆಟ್ಟಿನ ಹಿಂದೆ ನೀಲಿ ಬಾಗಿಲಿನ ಮನೆಯಂತೆ. ಲೋಜಿ ದೊರೆ ಬೆಳಿಗ್ಗೆ ಅಂಗಳ ಗುಡಿಸುತ್ತಾನಂತೆ. ಲಿಕಾಂಡೋ ಪೊರಕೆ ಹಿಡಿದದ್ದನ್ನು ನಾನೇ ನೋಡಿಲ್ಲ."

ಆಗಸ್ಟ್ 24: "ಇವತ್ತಿನ ಹೊಸದು — ಅಲ್ಲೊಂದು ಮಗುವೂ ಇದೆಯಂತೆ. ಈ ಟೋಂಗಾನ ಬಾಯಿಗೆ ಬೀಗವಿಲ್ಲ."

ಆ ಸಾಲನ್ನೇ ಓದುತ್ತಿದ್ದೇನೆ. ಫೋಟೋ, ಪೊರಕೆ, ಎಲ್ಲ ಇರಲಿ. ಕೆಲಸ ಹೋದ ನಾಚಿಕೆಗೆ ಸುಳ್ಳು ಹೇಳಿದ ಎಂದಾದರೆ ಬಾಯಿಗೆ ಬಂದಂತೆ ಬೈದು, ಎರಡು ದಿನ ಮಾತು ಬಿಟ್ಟು, ಆಮೇಲೆ ಒಳಗೆ ಕರೆದುಕೊಳ್ಳುತ್ತೇನೆ. ಕರೆದುಕೊಳ್ಳದೆ ಏನು ಮಾಡಲಿ, ಇಷ್ಟ ಅವನು ನನಗೆ. ಮಗುವಿನದೊಂದು ತಮಾಷೆಯಾಗಿರಲಿ ದೇವರೇ. ಅದೊಂದು.

ಅಕ್ಟೋಬರ್ 26, ಶನಿವಾರ, ಬೆಳಿಗ್ಗೆ 9, ಸೇತುವೆಯ ಮೇಲೆ

ಈ ವಾರವೆಲ್ಲ ಅವನು ಫೋನ್ ಮಾಡಿದ. ನಾನೂ ಮಾತಾಡಿದೆ. ಸೊಲ್ವೆಜಿಯಲ್ಲಿ ಮಳೆ ಶುರುವಾಗಿದೆಯಂತೆ.

ಈಗಷ್ಟೇ ಠಾಣೆಯಲ್ಲಿ ಹಮೂಂಗಾನ ಕಿಟಕಿಯ ಮುಂದೆ ನಿಂತು ಕೇಳಿದೆ. "ಟೋಂಗಾ, ಒಂದು ಸಲ ನಂಟು ಪಕ್ಕಕ್ಕಿಟ್ಟು ಹೇಳು. ಮಗು ಅಂದ್ಯಲ್ಲ, ಅದು ತಮಾಷೇನಾ?"

ಪಾಸನ್ನು ಹಿಂದೆ ಮುಂದೆ ತಿರುಗಿಸಿದ. ಮುಖ ಎತ್ತಲಿಲ್ಲ.

"ನೇರವಾಗಿ ಹೇಳೋಕೆ ಅವನೂ ನನ್ನ ನೆರೆಯವನೇ, ಮೇಡಂ. ತಮಾಷೇಲಾದ್ರೂ ಹೇಳಿದ್ರೆ ನಿಮ್ಗೆ ತಟ್ಟುತ್ತೆ ಅನ್ಕೊಂಡೆ. ನೀವು ನಗ್ತಾನೇ ಇದ್ರಿ."

ಮೇಡಂ. ನಿಮಗೆ. ಇಷ್ಟು ವರ್ಷದಲ್ಲಿ ಇದೇ ಮೊದಲು.

"ಪಕ್ಕದಲ್ಲೇ ನಡೀರಿ," ಎಂದ. "ಲಾರಿ ಬರ್ತಿರ್ತವೆ."

ಇಲ್ಲಿ ಕಾಲಿಗೆ ಹಗ್ಗ ಕಟ್ಟಿಕೊಂಡು ಸೇತುವೆಯಿಂದ ಹಾರುವವರು ಕಿರುಚುತ್ತಿದ್ದಾರೆ. ಕೆಳಗೆ ನೋಡಲಿಲ್ಲ. ಹೋಗಲೋ, ಬೇಡವೋ... ಹೋಗುತ್ತೇನೆ.

ಅದೇ ದಿನ, ಮಧ್ಯಾಹ್ನ 3

ನೀಲಿ ಬಾಗಿಲು ಇತ್ತು. ಮಾರ್ಕೆಟ್ಟಿನ ಹಿಂದೆ, ಹೇಳಿದಲ್ಲೇ.

ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಹೋಗಿದ್ದೆ. ಬಾಗಿಲು ತೆರೆದವಳು ಇಪ್ಪತ್ತೈದರ ಹುಡುಗಿ, ಕೈಯೆಲ್ಲ ಹಿಟ್ಟು. ನಾನು ಬಾಯಿ ತೆರೆಯುವ ಮೊದಲೇ ಅವಳ ಮುಖ ಅರಳಿತು.

"ಲಿವಿಂಗ್‌ಸ್ಟನ್ ಅಕ್ಕ ಅಲ್ವಾ ನೀವು? ಫೋಟೋದಲ್ಲಿರೋ ಹಾಗೇ ಇದೀರಿ. ನಾನು ನೊಮಾಲಂಗಾ. ಬನ್ನಿ, ಒಳಗ್ ಬನ್ನಿ. ನಿಮ್ಮಕ್ಕನ್ನ ಒಂದಿನ ಕರ್ಕೊಂಡ್ ಬನ್ನಿ ಅಂತ ಇವ್ರಿಗೆ ಹೇಳಿ ಹೇಳಿ ಸಾಕಾಗಿತ್ತು."

ಗೋಡೆಯ ಮೇಲೆ ನನ್ನ ಫೋಟೋ. ಮದುವೆಯದು. ಅವನಿದ್ದ ಅರ್ಧ ಇಲ್ಲ, ಕತ್ತರಿಸಿ ತೆಗೆದದ್ದು.

ನನಗೆ ಮನೆಯ ಒಂದೇ ಕುರ್ಚಿ. ಅವಳು ನೆಲದ ಮೇಲೆ ಮಂಡಿಯೂರಿ, ಮೆಲ್ಲಗೆ ಚಪ್ಪಾಳೆ ತಟ್ಟಿ ನಮಸ್ಕರಿಸಿದಳು, ಗಂಡನ ಅಕ್ಕನಿಗೆ ಸಲ್ಲಬೇಕಾದ ಹಾಗೆ. ಒಳಗಿನಿಂದ ಮಗುವನ್ನು ತಂದು ನನ್ನ ಮಡಿಲಲ್ಲಿ ಕೂರಿಸಿದಳು. ಒಂದೂವರೆ ವರ್ಷದ ಹೆಣ್ಣು. ಅವನದೇ ಹಣೆ.

"ನೋಡು ಪುಟ್ಟಿ, ಅತ್ತೆ ಬಂದಿದಾರೆ. ಹೆಸರು ನಿಮ್ದೇ ಇಟ್ಟಿದೀವಿ ಅಕ್ಕ. ನಾಸಿಲೆಲೆ. ಇವ್ರದೇ ಹಟ. ಅಕ್ಕ ನನ್ನ ಸಾಕಿದವಳು, ಅವಳ ಹೆಸರೇ ಇರ್ಲಿ ಅಂತ."

ಮಗು ನನ್ನ ಬಳೆ ಹಿಡಿದು ಎಳೆಯುತ್ತಿತ್ತು. ಒಂದು ಬೈಗುಳವೂ ನೆನಪಿಗೆ ಬರಲಿಲ್ಲ. ಅವನೆಲ್ಲಿ ಎಂದೆ. ಪ್ರವಾಸಿಗಳ ಗುಂಪು ಬಂದಿದೆಯಂತೆ, ಜಲಪಾತಕ್ಕೆ ಹೋಗಿದ್ದಾನಂತೆ.

"ಊಟ ಮಾಡ್ದೆ ಬಿಡಲ್ಲ ನಿಮ್ಮನ್ನ," ಎಂದಳು.

ಉಂಡೆ. ಜೋಳದ ಮುದ್ದೆ, ಸೊಪ್ಪು, ಒಣಮೀನು. ಮೀನಿನ ದೊಡ್ಡ ತುಂಡುಗಳನ್ನೆಲ್ಲ ನನ್ನ ಕಡೆಗೇ ಸರಿಸಿದಳು. ಅವಳಿಗೆ ಹೇಗೆ ಹೇಳಲಿ? ಅವಳಿಗೂ ಅವನು ಫೋಟೋ ತೋರಿಸಿ ಕಥೆ ಕಟ್ಟಿದ್ದಾನೆ, ನನಗೆ ಗಣಿಯ ಕಥೆ ಕಟ್ಟಿದ ಹಾಗೆ. ಹೊರಡುವಾಗ ಒಂದೇ ಮಾತು ಹೇಳಿದೆ. "ನಾನು ಬಂದಿದ್ದೆ ಅಂತ ಅವನಿಗೆ ನೀನು ಹೇಳ್ಬೇಡಮ್ಮ. ನಾನೇ ಹೇಳ್ತೀನಿ."

ಅಕ್ಟೋಬರ್ 27, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಚೋಮಾದ ಹಾಸ್ಟೆಲಿನಿಂದ ಮಗಳು ಫೋನ್ ಮಾಡಿದಳು. "ಅಮ್ಮಾ, ಅಪ್ಪ ಕ್ರಿಸ್‌ಮಸ್‌ಗೆ ಬರ್ತಾರೆ ತಾನೇ?" ಗೊತ್ತಿಲ್ಲ ಕಂದ ಎಂದೆ. ಅಳು ಇನ್ನೂ ಬಂದಿಲ್ಲ. ಆ ಹುಡುಗಿಗೆ ಅವನು ಹೆಂಡತಿ ಸತ್ತಳು ಎಂದಾದರೂ ಹೇಳಬಹುದಿತ್ತು, ಬಿಟ್ಟುಹೋದಳು ಎನ್ನಬಹುದಿತ್ತು. ಅಕ್ಕನಂತೆ.

ಮಧ್ಯಾಹ್ನ 2.10. ಫೋನ್. ಅವನೇ.

ಎತ್ತಿದೆ.

"ಈಗ ಶಿಫ್ಟ್ ಮುಗೀತು ಕಣೇ. ಸುಸ್ತು. ಹೇಗಿದೀಯಾ?"

"ಚೆನ್ನಾಗಿದೀನಿ, ತಮ್ಮಾ," ಎಂದೆ.