ಶಟಲ್ ಖಾತೆ ಸಚಿವನ ಹತ್ತು ನಿಮಿಷ

೧೨ ಫೆಬ್ರವರಿ ೨೦೦೭, ಸೋಮವಾರ

ಲಂಡನ್ನಿನ ವೆಂಬ್ಲಿಯ ಸಮಸ್ತ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ — ಇಂದಿನಿಂದ ವೀರಭದ್ರನೆಂಬ ನಾನು ಶಟಲ್ ಖಾತೆಯ ಸಚಿವ. ಪ್ರಮಾಣವಚನ ನಡೆದದ್ದು ಪಾರ್ಕ್ ರಾಯಲ್‌ನ ನಮ್ಮ ಸ್ಯಾಂಡ್‌ವಿಚ್ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ, ಚಹಾ ಸಾಕ್ಷಿಯಾಗಿ. ಬೋಧಿಸಿದವಳು ಪ್ಯಾಕಿಂಗ್ ಲೈನಿನ ಯಾರ್ಮಿಲಾ. ತನ್ನ ದೇಶ ಸ್ಲೊವಾಕಿಯಾದಲ್ಲಿ ಎರಡು ಸಲ ಬ್ಯಾಡ್ಮಿಂಟನ್ ಚಾಂಪಿಯನ್. ಇಲ್ಲಿ ಬೆಳಿಗ್ಗೆ ಆರರಿಂದ ಎರಡರವರೆಗೆ ಸ್ಯಾಂಡ್‌ವಿಚ್, ಮೂರರಿಂದ ಆರರವರೆಗೆ ಆಟ. ವಯಸ್ಸು ಮೂವತ್ತೆರಡು. ಮೊಣಕಾಲಿಗೆ ಅರವತ್ತು.

ನನ್ನ ಕೆಲಸ: ಕಾರಿನಲ್ಲಿ ಹಾಲ್‌ಗೆ ಬಿಡುವುದು, ಬಿದ್ದ ಶಟಲ್ ಆರಿಸುವುದು, ಬಾಯಿ ಮುಚ್ಚಿಕೊಂಡಿರುವುದು. ಮೂರನೆಯದು ಕಷ್ಟ.

೨೬ ಫೆಬ್ರವರಿ, ಸೋಮವಾರ

ಅವಳ ದೇಶದ ಕೋಚ್ ಫೋನ್ ಮಾಡಿದ್ದನಂತೆ. ತಂಡದಲ್ಲಿ ಉಳಿದಿರುವುದು ಒಂದೇ ಜಾಗ. ಯಾರ್ಮಿಲಾಗೋ, ಹತ್ತೊಂಬತ್ತರ ಒಬ್ಬ ಹುಡುಗಿಗೋ. ಮಾರ್ಚ್ ೧೭ರ ಲಂಡನ್ ಟೂರ್ನಿಯಲ್ಲಿ ಮೊದಲ ಸುತ್ತಿನಲ್ಲೇ ಇಬ್ಬರೂ ಎದುರುಬದುರು. ಗೆದ್ದವಳು ಒಳಗೆ.

“ಅಪ್‌ಸೆಟ್?” ಎಂದೆ.

“ನೋ. ಹಂಗ್ರಿ.”

ನನ್ನ ಡಬ್ಬಿಯ ಎರಡೂ ಜೋಳದ ರೊಟ್ಟಿ ಖಾಲಿ. ಚಟ್ನಿಪುಡಿ ಸಮೇತ. ಕಣ್ಣಲ್ಲಿ ಒಂದು ಹನಿ ನೀರಿಲ್ಲ!

೧೩ ಮಾರ್ಚ್, ಮಂಗಳವಾರ

ಪುಕ್ಕದ ಶಟಲ್ ಒಣಗಿದರೆ ಬೇಗ ಮುರಿಯುತ್ತದೆ. ಅದಕ್ಕೆ ಹಬೆ ತೋರಿಸುತ್ತಾರೆ. ಆಟಗಾರರ ಹಳೇ ಪದ್ಧತಿ. ಯಾರ್ಮಿಲಾ ನಾಲ್ಕು ಡಜನ್ ಕೊಟ್ಟು, “ಲಿಟ್ಲ್ ಸ್ಟೀಮ್, ವೀರ” ಅಂದಳು. ಲಿಟ್ಲ್ ಅಂದರೆ ಎಷ್ಟು? ಕೇಳಲಿಲ್ಲ. ಸಚಿವರು ಕೇಳುವುದಿಲ್ಲ.

ಹಬೆಗೆ ನಮ್ಮ ಮನೆಯಲ್ಲಿರುವುದು ಒಂದೇ ಪಾತ್ರೆ, ಒಂದೇ ಲೆಕ್ಕ. ಇಡ್ಲಿ ತಟ್ಟೆಯ ಗುಳಿಗೊಂದು ಶಟಲ್ — ಆಹಾ, ಅಳತೆ ಕೊಟ್ಟು ಮಾಡಿಸಿದಂತೆ. ಹತ್ತು ನಿಮಿಷ.

ಹೆಂಡತಿ ನೇತ್ರಾ ಬಂದು ಮುಚ್ಚಳ ತೆಗೆದಳು.

“ಏನ್ರೀ ಇದು?”

“ಶಟಲ್.”

“ಪುಕ್ಕ ಯಾವುದರದು?”

“ಬಾತುಕೋಳಿದು...”

“ಲಿಂಗಾ ಕಟ್ಟಿದ ಮಂದಿ ನಾವು! ಇಡ್ಲಿ ಪಾತ್ರ್ಯಾಗ ಬಾತುಕೋಳಿ ಬೇಯಿಸ್ತೀರಿ? ಧಾರವಾಡಕ್ಕ ಫೋನ್ ಹಚ್ಚಲೇನು ನಿಮ್ಮವ್ವಗ?”

“ಬೇಯಿಸಿಲ್ಲ. ಹಬಿ ಕೊಟ್ಟೀನಿ ಅಷ್ಟ.”

“ಇಡ್ಲಿಗೆ ಮತ್ತೇನು ಕೊಡ್ತಾರ್ರೀ?”

ಪಾತ್ರೆ ಅಡುಗೆಮನೆಯಿಂದ ಗಡಿಪಾರು.

೧೬ ಮಾರ್ಚ್, ಶುಕ್ರವಾರ

ಮೂರು ದಿನದಿಂದ ಆ ಶಟಲ್‌ಗಳಲ್ಲೇ ಅಭ್ಯಾಸ. ಪುಕ್ಕಗಳು ಕೊಡೆಯಂತೆ ಅರಳಿವೆ. ಯಾರ್ಮಿಲಾ ಎಷ್ಟೇ ಜೋರಾಗಿ ಹೊಡೆದರೂ ಹಿಂದಿನ ಗೆರೆ ಮುಟ್ಟುತ್ತಿಲ್ಲ. ಭುಜ ಒತ್ತಿಕೊಂಡಳು. “ಐ ಆಮ್ ಓಲ್ಡ್, ವೀರ.” ಮತ್ತೆ ಇನ್ನೂರು ಸಲ ಹೊಡೆದಳು, ಇನ್ನೂ ಜೋರಾಗಿ. ಇಂಥವಳನ್ನು ನಾನು ನೋಡಿಲ್ಲ. ನೋವಿನ ಎಣ್ಣೆ ಕೊಟ್ಟು ಬಂದೆ.

೧೭ ಮಾರ್ಚ್, ಶನಿವಾರ, ಸಂಜೆ ೫

ಹಾಲ್‌ನಿಂದ ಈಗಷ್ಟೇ ಬಂದೆ.

ಕೋಚ್ ಕುರ್ಚಿಯಲ್ಲಿ ನಾನು. ಹಿಂದಿನ ಸಾಲಿನಲ್ಲಿ ನೇತ್ರಾ. ಶಟಲ್‌ನ ಹೊಸ ಡಬ್ಬಿ ಒಡೆದರು. ಯಾರ್ಮಿಲಾ ಎತ್ತಿ ಹೊಡೆದ ಮೊದಲ ಶಟಲ್ ಗೆರೆ ದಾಟಿ ಲೈನ್ ಜಡ್ಜ್ ಮಡಿಲಲ್ಲಿ ಕೂತಿತು. ಎರಡನೆಯದು ಅದಕ್ಕೂ ಆಚೆ. ಮೊದಲ ಗೇಮ್ ೯–೨೧. ಆ ಹುಡುಗಿಗೆ ಬೆವರೂ ಬಂದಿರಲಿಲ್ಲ.

ನೇತ್ರಾ ಬಗ್ಗಿ ಕಿವಿಯಲ್ಲಿ ಅಂದಳು: “ಇಡ್ಲಿಗೆ ಹತ್ತು ನಿಮಿಷ ಸರಿ. ಪುಕ್ಕಕ್ಕೂ ಹತ್ತೇನ್ರೀ?”

ಆಗ ತಿಳಿಯಿತು. ಭುಜಕ್ಕೆ ವಯಸ್ಸಾಗಿರಲಿಲ್ಲ. ಶಟಲ್ ಬೆಂದಿತ್ತು. ಬೆಂದ ಶಟಲ್‌ಗೆ ಪಳಗಿದ ಕೈ ಈಗ ಹೊಸದನ್ನು ಲಂಡನ್ನಿನಾಚೆಗೆ ಅಟ್ಟುತ್ತಿದೆ.

ಎರಡು ನಿಮಿಷದ ಬಿಡುವಿನಲ್ಲಿ ಒಪ್ಪಿಕೊಂಡೆ. “ಐ ಸ್ಟೀಮ್ಡ್ ಶಟಲ್ಸ್ ಟೆನ್ ಮಿನಿಟ್ಸ್. ಮೈ ಮಿಸ್ಟೇಕ್. ನಾಟ್ ಯುವರ್ ಶೋಲ್ಡರ್.”

ರಾಕೆಟ್ ತಲೆಗೆ ಬೀಳುತ್ತದೆ ಎಂದುಕೊಂಡೆ. ನೀರಿನ ಬಾಟಲಿ ಕೆಳಗಿಟ್ಟಳು.

“ಸೋ... ಐ ಆಮ್ ನಾಟ್ ಓಲ್ಡ್?”

“ನೋ.”

ನಕ್ಕಳು! ೯–೨೧ರಲ್ಲಿ ನಗುವ ಮನುಷ್ಯರನ್ನು ಏನೆನ್ನಬೇಕು?

ಆಮೇಲೆ ಜೋರು ಬಿಟ್ಟಳು. ಹೂವಿನ ಕೈ. ಒಂದು ಹಿಂದಿನ ಗೆರೆಗೆ, ಒಂದು ಬಲೆಯ ಬುಡಕ್ಕೆ. ಹುಡುಗಿ ಓಡಿದಳು, ಓಡಿದಳು, ಬೆವರಿದಳು. ೨೧–೧೮. ಮೂರನೆಯದು ೨೦–೨೦. ನಾನು ಕಣ್ಣು ಮುಚ್ಚಿಕೊಂಡೆ. ನೇತ್ರಾ ನನ್ನ ಅಂಗಿ ಕಾಲರ್ ಹಿಡಿದು, “ಹೊಡಿಯವ್ವಾ! ಹೊಡಿ ನಮ್ಮವ್ವಾ!” ಅಂತ ಕೂಗಿದ್ದು ಇಡೀ ಹಾಲ್‌ಗೆ ಕೇಳಿತು. ಕನ್ನಡ ಬಾರದ ಯಾರ್ಮಿಲಾ ಹೊಡೆದಳು. ೨೨–೨೦.

ಮೊದಲು ಹೋಗಿ ಆ ಹುಡುಗಿಯನ್ನು ಅಪ್ಪಿಕೊಂಡಳು. ನಮ್ಮ ಸರದಿ ಆಮೇಲೆ.

೨೧ ಮಾರ್ಚ್, ಬುಧವಾರ

ತಂಡದ ಪಟ್ಟಿ ಬಂತು. ಅವಳ ಹೆಸರಿದೆ. ನಾಳೆಯೇ ವಿಮಾನ, ಮೂರು ವಾರದ ಕ್ಯಾಂಪ್. ಫ್ಯಾಕ್ಟರಿಯಲ್ಲಿ ಅವಳ ಶಿಫ್ಟ್ ನಾನು ಮಾಡುತ್ತೇನೆಂದು ಬರೆದುಕೊಟ್ಟೆ. ಇವತ್ತೇ ಶುರು, ನನ್ನದೂ ಸೇರಿ ರಾತ್ರಿಯವರೆಗೆ — ಹೊರಟೆ.

ನೇತ್ರಾ, ನಾನಿಲ್ಲದಾಗ ನೀನು ಇದನ್ನು ಓದುತ್ತೀ, ಗೊತ್ತು. ಒಂದು ಉಪಕಾರ. ಯಾರ್ಮಿಲಾಳ ಸೂಟ್‌ಕೇಸಿನ ಚಕ್ರ ಮುರಿದಿದೆ. ಲಾಫ್ಟ್‌ನಿಂದ ನಮ್ಮ ದೊಡ್ಡದನ್ನು ಇಳಿಸಿಡು. ಐದಕ್ಕೆ ಬಂದು ಒಯ್ಯುತ್ತಾಳೆ. ಲಾಕ್ ನಂಬರ್ ನಿನ್ನ ಹುಟ್ಟಿದ ದಿನಾಂಕ ಎಂದು ನೆನಪು. ಅದು ಯಾವುದೆಂದು ಒಂದು ಚೀಟಿಯಲ್ಲಿ ಬರೆದು ಅವಳ ಕೈಯಲ್ಲಿ ಕೊಡು, ಮತ್ತೆ ನನಗೂ ಒಂದು ಬರೆದಿಡು.