ಕಾಫಿ ಕೂಟವೆಂದು ಬರೆಸಿಕೊಂಡ ಪಾಠಶಾಲೆ

ಮಾನ್ಯ ಬಡಾವಣೆ ಭವನಗಳ ಅಧಿಕಾರಿಗಳೇ,

"ನಿಮ್ಮ ಕಾಫಿ ಕೂಟವನ್ನು ಬರುವ ಮಂಗಳವಾರದಿಂದ ಮತ್ತೆ ನಡೆಸಬಹುದೆಂದು ತಿಳಿಸಲು ಸಂತೋಷಪಡುತ್ತೇವೆ" ಎಂಬ ನಿಮ್ಮ ಪತ್ರ ತಲುಪಿತು. ನಮಗೆ ಸಂತೋಷವಾಗಲಿಲ್ಲ. ಹದಿನಾಲ್ಕು ತಿಂಗಳು ನೀವು ಬೀಗ ಹಾಕಿದ್ದು ಒಂದು ಪಾಠಶಾಲೆಗೆ. ಇದನ್ನೇ ಡಚ್ಚಿನಲ್ಲಿ ಮೂರು ಸಲ ಬರೆದಿದ್ದೆ. ಮೂರು ಸಲವೂ ಉತ್ತರ ಕೊಟ್ಟದ್ದು ನಿಮ್ಮ ಯಂತ್ರ. ಈಗ ಕನ್ನಡದಲ್ಲಿ, ಎಲ್ಲರೆದುರು ಬಹಿರಂಗ ಪತ್ರವಾಗಿ ಬರೆಯುತ್ತಿದ್ದೇನೆ. ತಪ್ಪಿನಲ್ಲಿ ನಮ್ಮವರ ಪಾಲೂ ಇದೆ, ಅವರೂ ಓದಲಿ.

ಕೆಲವು ದಶಕಗಳ ಹಿಂದೆ ನೀರಿನ ತಳವಾಗಿದ್ದ ನೆಲದ ಮೇಲೆ ನೆದರ್‌ಲ್ಯಾಂಡ್ಸ್ ಕಟ್ಟಿಕೊಂಡ ಊರು ನಮ್ಮದು. ಇಲ್ಲಿ ಎಲ್ಲರೂ ಹೊರಗಿನಿಂದ ಬಂದವರೇ. ಗಂಡಂದಿರು ಆಮ್‌ಸ್ಟರ್‌ಡ್ಯಾಮಿನ ರೈಲು ಹಿಡಿಯುತ್ತಿದ್ದರು, ಮಕ್ಕಳು ಶಾಲೆಗೆ ಹೋಗುತ್ತಿದ್ದರು, ಹೆಂಗಸರು ಕಿಟಕಿಯ ಬಳಿ ಉಳಿಯುತ್ತಿದ್ದರು. ಅಂಥ ಹನ್ನೆರಡು ಮಂದಿ ಕನ್ನಡತಿಯರು ಸೇರಿ ಮಹಿಳಾ ಸಂಘ ಕಟ್ಟಿದೆವು. ಇಪ್ಪತ್ತು ವರ್ಷದಿಂದ ಇಲ್ಲಿರುವ ನಾನು ಮಂಗಳವಾರ ನಿಮ್ಮ ಭವನದ ಕೋಣೆಯಲ್ಲಿ ಅವರಿಗೆ ಡಚ್ ಕಲಿಸುತ್ತಿದ್ದೆ. ಆದರೆ ಕ್ಲಾಸ್ ಎಂದರೆ ಮನೆಗಳಲ್ಲಿ ಮುಖ ಗಂಟಾಗುತ್ತಿತ್ತು. "ಮಕ್ಕಳು ಇನ್ನೂ ಸಣ್ಣವು, ಈಗ್ಯಾಕ ನಿನಗ ಸಾಲಿ?" ಎಂದು ಊರಿನಿಂದ ಅತ್ತೆಯೊಬ್ಬರು ವಿಡಿಯೊದಲ್ಲೇ ಗದರಿದ್ದರು. ಅರಿಶಿನ ಕುಂಕುಮ, ಕಾಫಿ ಎಂದರೆ ಯಾರೂ ತಡೆಯರು. ನಿಮ್ಮ ಕಾರ್ಯಕ್ರಮ ಪಟ್ಟಿ ಮನೆಮನೆಗೂ ಬರುತ್ತದಲ್ಲ, ಹಾಗಾಗಿ ಕೋಣೆ ಕೇಳುವ ಅರ್ಜಿಯ "ಉದ್ದೇಶ" ಎಂಬಲ್ಲಿ ನಾನೇ ಕೈಯಾರೆ "ಕಾಫಿ ಕೂಟ" ಎಂದು ಬರೆದೆ. ಬಹಳ ಜಾಣೆ ಎಂದುಕೊಂಡಿದ್ದೆ.

ಕೊರೊನಾ ಬಂತು. ಮೊದಲು ಎಲ್ಲವನ್ನೂ ಮುಚ್ಚಿದಿರಿ, ಒಪ್ಪಿದೆವು. ಆಮೇಲೆ ಭಾಷೆ ಕಲಿಯುವ ಸಣ್ಣ ಗುಂಪುಗಳಿಗೆ ವಿನಾಯಿತಿ ಕೊಟ್ಟಿರಿ. ನಿಮ್ಮ ಕಚೇರಿಗೆ ಓಡೋಡಿ ಬಂದೆ. ನಿಮ್ಮ ಸಿಬ್ಬಂದಿ ಕಂಪ್ಯೂಟರ್ ನೋಡಿ, "ನೀವು ಕಾಫಿ ಗುಂಪಲ್ಲವೇ, ಮೇಡಂ?" ಎಂದರು. ಪುಸ್ತಕ ತೋರಿಸಿದೆ, ಹಾಜರಿ ತೋರಿಸಿದೆ. ಉದ್ದೇಶ ತಿದ್ದಲು ಸಮಿತಿ ಸೇರಬೇಕಂತೆ. ಕೊರೊನಾ ಇರುವುದರಿಂದ ಸಮಿತಿ ಸೇರುವಂತಿಲ್ಲವಂತೆ! ಸಮುದ್ರವನ್ನೇ ಹಿಂದಕ್ಕೆ ತಳ್ಳಿದ ನಾಡಿನವರಿಗೆ ಎರಡು ಪದ ಅಳಿಸಲು ಆಗಲಿಲ್ಲವೇ? ಅದೇ ಮುಚ್ಚಿದ ಬಾಗಿಲ ಮೇಲೆ, "ಆಸ್ಪತ್ರೆಗಳಿಗೆ ಆರೈಕೆಯ ಕೈಗಳು ಬೇಕಾಗಿವೆ" ಎಂದು ನೀವೇ ಅಂಟಿಸಿದ್ದಿರಿ.

ಅಂಥ ಎರಡು ಕೈ ನಮ್ಮಲ್ಲಿದ್ದವು. ನಮ್ಮ ಸಂಘದ ಸಿಂಧೂರ, ವಿಜಯಪುರದಲ್ಲಿ ಎರಡು ವರ್ಷ ನರ್ಸಿಂಗ್ ಓದಿ, ಮದುವೆಗಾಗಿ ಬಿಟ್ಟು ಬಂದವಳು. ಮಾರ್ಚ್ ತಿಂಗಳ ಡಚ್ ಪರೀಕ್ಷೆ ಪಾಸಾದರೆ ಇಲ್ಲಿನ ನರ್ಸಿಂಗ್ ತರಬೇತಿಗೆ ಸೀಟು ಸಿಗುತ್ತಿತ್ತು. ಮನೆಯ ಒಂದು ಕೋಣೆಯಲ್ಲಿ ಗಂಡ ಬಸವಲಿಂಗಪ್ಪನ ಮೀಟಿಂಗು, ಇನ್ನೊಂದರಲ್ಲಿ ಇಬ್ಬರು ಮಕ್ಕಳ ಆನ್‌ಲೈನ್ ಶಾಲೆ. ಅವಳು ಸ್ನಾನದ ಮನೆಯಲ್ಲಿ, ವಾಷಿಂಗ್ ಮೆಷಿನ್ ಮೇಲೆ ಫೋನಿಟ್ಟುಕೊಂಡು ಓದಿದಳು. ಓದು, ಬರಹದಲ್ಲಿ ಪಾಸಾಗಿ ಮಾತಿನಲ್ಲಿ ಫೇಲಾದಳು. ಎದುರು ಕೂತು ಮಾತಾಡಲು ಒಬ್ಬರೂ ಇಲ್ಲದಿದ್ದರೆ ಮಾತು ಎಲ್ಲಿಂದ ಬರಬೇಕು? ಸೀಟು ಹೋಯಿತು.

ಕಳೆದ ವಾರ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿ ತಂದು ನನ್ನ ಬಾಗಿಲಲ್ಲಿಟ್ಟಳು. ಒಳಗೆ ಕರೆದೆ, ಬರಲಿಲ್ಲ.

"ಬ್ಯಾಡ್ರಿ ಅಕ್ಕಾರ. ಕ್ಲಾಸ್ ಅಂದ್ರ ಮನ್ಯಾಗ ಬಿಡಂಗಿಲ್ಲ, ಕಾಫಿ ಅಂದ್ರ ಆಫೀಸ್ನವ್ರು ಬಿಡಂಗಿಲ್ಲ. ಇನ್ನ ಯಾರಿಗಂತ ಸುಳ್ಳು ಹೇಳ್ಲಿ?"

ಅವಳು ಹೋದ ಮೇಲೆ ಆ ಚೀಲದ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ.

ನಮಗೆ ಬೇಕಾದದ್ದು ಇಷ್ಟು. ನಿಮ್ಮ ದಾಖಲೆಯಲ್ಲಿ ನಮ್ಮ ಸಂಘದ ಮುಂದೆ "ಶಿಕ್ಷಣ" ಎಂದು ಬರೆಯಿರಿ. ಮನೆಗಳಲ್ಲಿ ಏಳುವ ರಂಪವನ್ನು ನಾವು ನೋಡಿಕೊಳ್ಳುತ್ತೇವೆ. ನಡೆದದ್ದನ್ನು ತರಬೇತಿ ಕೇಂದ್ರಕ್ಕೆ ತಿಳಿಸಿ ಸಿಂಧೂರಳಿಗೆ ಇನ್ನೊಂದು ಅವಕಾಶ ಕೊಡಿಸಿ. ಕೊಡಿಸಿದ್ದನ್ನು ಕಾಗದದಲ್ಲಿ ಬರೆದು ಕಳಿಸಿ, "ಬಸವಲಿಂಗಪ್ಪ ಮತ್ತು ಕುಟುಂಬ" ಎಂದು ಬರೆಯದೆ ಅವಳ ಹೆಸರಿಗೇ ಕಳಿಸಿ. ಈ ಊರಿಗೆ ಬಂದ ಆರು ವರ್ಷಗಳಲ್ಲಿ ಅವಳ ಹೆಸರು ಹೊತ್ತು ಆ ಮನೆಗೆ ಬಂದ ಸರ್ಕಾರಿ ಕಾಗದ ಒಂದೇ ಒಂದು: ಅವಳು ಫೇಲಾದಳೆಂಬುದು.

ಇಂತಿ,
ಆ ಅರ್ಜಿ ತುಂಬಿದ ತಪ್ಪಿತಸ್ಥೆ,
ಪ್ರಭಾ