ಕಿಟಕಿಗೆ ಬಟಾಣಿ ಊದಿದವಳ ಪರವಾಗಿ

ಜನವರಿ ೧೯, ಭಾನುವಾರ

ಪರಮಪೂಜ್ಯ ಅಕ್ಕನ ಸನ್ನಿಧಾನಕ್ಕೆ,

ಶತಾಪರಾಧಿಯಾದ ತಮ್ಮನ ನಮಸ್ಕಾರಗಳು. ನೀನೂ ಭಾವನೂ ಕ್ಷೇಮವೆಂದು ನಂಬಿದ್ದೇನೆ. ಪುಟ್ಟಿಗೆ ಮುಂದಿನ ಹಲ್ಲು ಬಂತೋ ಇಲ್ಲವೋ ತಿಳಿಸು. ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ. ಬರೆಯಲು ಕೂತಾಗಲೆಲ್ಲ ಸಿಟ್ಟಿಗೆ ಪೆನ್ನು ಹಾಳೆಯನ್ನೇ ಹರಿಯುತ್ತಿತ್ತು.

ನಿನ್ನ ಅಭಿನಂದನೆ ತಲುಪಿತು. ದಯವಿಟ್ಟು ಅದನ್ನು ವಾಪಸ್ ತೆಗೆದುಕೋ. ‘ಬಹುಮಾನ ಬಂತಂತೆ, ಅಪ್ಪ ಫೋನಿನಲ್ಲಿ ಹೇಳಿದರು, ಹೆಮ್ಮೆಯಾಯಿತು’ ಎಂದು ಬರೆದಿದ್ದೀಯ. ಅಪ್ಪ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಗಲ್ಲಿಗೆ ಹೋಗುವವನ ಕೊರಳಿಗೂ ಯಾರಾದರೂ ಹಾರ ಹಾಕಬಹುದು. ಅದಕ್ಕೆ ಅಭಿನಂದನೆ ಕಳಿಸುತ್ತಾರೆಯೇ?

ನಡೆದದ್ದನ್ನು ಕೇಳು. ಬ್ರಿಟಿಷ್ ಇತಿಹಾಸ ಮತ್ತು ಸಂಸ್ಕೃತಿಯ ವಿಚಾರ ಸಂಕಿರಣದಲ್ಲಿ ನಾನು ಪ್ರಬಂಧ ಮಂಡಿಸಬೇಕಿತ್ತು. ವಿಷಯ ಎಬ್ಬಿಸುವ ಕೂಲಿಯವರದು. ಬಡವರ ಮನೆಯಲ್ಲಿ ಅಲಾರಂ ಗಡಿಯಾರವಿಲ್ಲದ ಕಾಲದಲ್ಲಿ, ಅಲ್ಲಿನ ಕಾರ್ಖಾನೆ ಕೆಲಸಗಾರರನ್ನು ಬೆಳಗಿನ ಪಾಳಿಗೆ ಎಬ್ಬಿಸಲು ಬೇರೆ ಜನರಿದ್ದರು. ಕೆಲವರು ಉದ್ದನೆಯ ಕೋಲಿನಿಂದ ಮಹಡಿಯ ಕಿಟಕಿ ತಟ್ಟುತ್ತಿದ್ದರು. ಲಂಡನ್ನಿನ ಒಬ್ಬ ಹೆಂಗಸು ಕೊಳವೆಯೊಳಗೆ ಒಣ ಬಟಾಣಿ ಇಟ್ಟು ಕಿಟಕಿಯ ಗಾಜಿಗೆ ಊದುತ್ತಿದ್ದಳು. ಇದು ನಾನು ಕಟ್ಟಿದ ಕತೆಯಲ್ಲ. ಎರಡು ವರ್ಷ ಲೈಬ್ರರಿಯ ಧೂಳು ಕುಡಿದು ಹುಡುಕಿದ್ದು. ಜೀವಮಾನದಲ್ಲಿ ಮೊದಲ ಬಾರಿಗೆ ಪೂರ್ತಿ ನಿಜ ಹೇಳಲೆಂದು ನಿನ್ನ ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟಿದ್ದ. ಅಪ್ಪನನ್ನೂ ಕಾಡಿಬೇಡಿ ಕರೆದುಕೊಂಡು ಹೋದೆ. ಅವರು ಬಸ್ಸಿನ ಡ್ಯೂಟಿಯನ್ನು ಇನ್ನೊಬ್ಬ ಡ್ರೈವರಿಗೆ ಒಪ್ಪಿಸಿ ಬಂದು ಕೊನೆಯ ಸಾಲಿನಲ್ಲಿ ಕೂತರು.

ಇಲ್ಲೊಂದು ಸಣ್ಣ ಹಿನ್ನೆಲೆ ಇದೆ. ಹೋದ ವರ್ಷದ ಸಂಕಿರಣದಲ್ಲಿ ನಾನು ಸ್ವಯಂಸೇವಕ. ನೋಟಿಸ್ ಬೋರ್ಡಿಗೆ ಹೆಚ್ಚುವರಿ ಗೋಷ್ಠಿಯೊಂದರ ಪ್ರಕಟಣೆ ಅಂಟಿಸಿದ್ದೆ: ‘ಚಹಾದಲ್ಲಿ ಬಿಸ್ಕತ್ತು ಅದ್ದುವಿಕೆ ಮತ್ತು ಸಾಮ್ರಾಜ್ಯದ ಪತನ, ಕೊಠಡಿ ಹನ್ನೊಂದು.’ ಕೊಠಡಿ ಹನ್ನೊಂದರಲ್ಲಿ ಇರುವುದು ಪೊರಕೆ, ಬಕೆಟ್ಟು. ಒಬ್ಬ ಹಿರಿಯ ಪ್ರೊಫೆಸರು ಅಲ್ಲಿಗೆ ಹೋಗಿ, ಬಕೆಟ್ಟನ್ನು ಬೋರಲು ಹಾಕಿಕೊಂಡು ಕೂತು, ಕೇಳಬೇಕಾದ ಪ್ರಶ್ನೆಗಳನ್ನೂ ಬರೆದುಕೊಂಡು ಕಾದರು. ಇದರಲ್ಲಿ ನನ್ನ ತಪ್ಪೇನು, ನೀನೇ ಹೇಳು. ಜ್ಞಾನದಾಹ ಅವರದ್ದು. ಈ ವರ್ಷ ನನ್ನ ಗೋಷ್ಠಿಗೆ ಅಧ್ಯಕ್ಷರು ಅವರೇ.

“ಈ ಹುಡುಗನ್ನ ನಂಗೆ ಚೆನ್ನಾಗಿ ಗೊತ್ತು” ಎಂದು ಶುರುಮಾಡಿದರು. “ಹೋದ ವರ್ಷ ನನ್ನನ್ನ ಬಕೆಟ್ ಮೇಲೆ ಕೂರಿಸಿದ್ದ. ಈ ಸಲ ನಾನು ಹುಷಾರಾಗಿ ಬಂದಿದ್ದೀನಿ, ನೀವೂ ಹುಷಾರಾಗಿರಿ.”

ಸಭೆ ನಕ್ಕಿತು. ನಾನು ಬಾಯಿ ತೆರೆಯುವ ಮುಂಚೆಯೇ ನನ್ನ ಕತೆ ಮುಗಿದಿತ್ತು.

ಕೊಳವೆ ಹಿಡಿದ ಹೆಂಗಸಿನ ಹಳೆಯ ಫೋಟೋ ತೋರಿಸಿದೆ. ಅಧ್ಯಕ್ಷರು ಕನ್ನಡಕ ಏರಿಸಿ ನೋಡಿ, “ಚೆನ್ನಾಗಿ ಮಾಡಿದ್ದೀಯ ಮರಿ. ಯಾವ ಆ್ಯಪು?” ಎಂದರು.

“ಸಾರ್, ಇದು ನಿಜವಾದ ಫೋಟೋ. ಕೆಳಗೆ ಆಧಾರ ಕೊಟ್ಟಿದ್ದೀನಿ, ಪುಟದ ನಂಬರೂ ಇದೆ.”

“ಬಕೆಟ್ ರೂಮಿಗೂ ನಂಬರ್ ಇತ್ತಪ್ಪ.”

ಸಭೆ ಮೇಜು ಕುಟ್ಟಿತು. ನಾನು ಇನ್ನಷ್ಟು ಗಂಭೀರನಾದೆ. ಅಲ್ಲೇ ಕೆಟ್ಟದ್ದು. ನನ್ನ ಗಂಭೀರ ಮುಖ ನಿನಗೆ ಗೊತ್ತಲ್ಲ ಅಕ್ಕ, ಇಷ್ಟು ವರ್ಷ ಕಂಡಕಂಡವರಿಗೆಲ್ಲ ಟೋಪಿ ಹಾಕಿದ್ದು ಆ ಮುಖ ಇಟ್ಟುಕೊಂಡೇ. ಬೇರೆ ಗಂಭೀರ ಮುಖ ನನ್ನ ಹತ್ತಿರ ಇಲ್ಲ. ‘ಒಳಗಿನವರು ಎದ್ದರೆಂದು ಖಾತ್ರಿಯಾಗುವ ತನಕ ಆಕೆ ಮುಂದಿನ ಮನೆಗೆ ಹೋಗುತ್ತಿರಲಿಲ್ಲ’ ಎಂದು ಓದಿದೆ. ಮುಂದಿನ ಸಾಲಿನ ಮಹನೀಯರೊಬ್ಬರು ನೀರು ಕುಡಿಯುತ್ತಿದ್ದವರು ನೆತ್ತಿಗೆ ಹತ್ತಿಸಿಕೊಂಡರು.

ನನ್ನ ಗೈಡ್ ಮೇಡಂಗೆ ತಡೆಯಲಾಗಲಿಲ್ಲ. ಎದ್ದು ನಿಂತು, “ಅವನು ಹೇಳ್ತಿರೋದು ಅಷ್ಟೂ ನಿಜ” ಎಂದರು. ಪಕ್ಕದಿಂದ ಯಾರೋ, “ಮೇಡಂನೂ ಸೇರಿಸ್ಕೊಂಡುಬಿಟ್ಟಿದ್ದಾನಲ್ರೀ” ಎಂದರು. ಅಲ್ಲಿಗೆ ಅಧ್ಯಕ್ಷರು ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು.

ಅದೇ ಗೋಷ್ಠಿಯಲ್ಲಿ ನನಗಿಂತ ಮೊದಲು ಒಬ್ಬರು ರಾಜಮನೆತನದ ಹಾಸಿಗೆಗಳ ಬಗ್ಗೆ ಓದಿದರು. ಯಾರು ಯಾವ ದಿಂಬಿಗೆ ತಲೆಯಿಟ್ಟರು ಎಂಬುದನ್ನು ಇಡೀ ಸಭೆ ತಲೆ ತಗ್ಗಿಸಿ ಬರೆದುಕೊಂಡಿತು. ಮಲಗಿದವರದ್ದು ಇತಿಹಾಸ, ಎಬ್ಬಿಸಿದವಳದ್ದು ತಮಾಷೆ. ಚಳಿಯಲ್ಲಿ ಆ ಹೆಂಗಸು ಬೀದಿ ಬೀದಿ ಅಲೆದದ್ದು ಇವರ ಮನರಂಜನೆಗಲ್ಲ. ಅವಳು ಒಂದು ಕಿಟಕಿ ಮರೆತರೆ ಆ ಮನೆಯವನಿಗೆ ಕಾರ್ಖಾನೆಯ ಗೇಟು ಮುಚ್ಚುತ್ತಿತ್ತು.

ಸಂಜೆಯ ಸಮಾರೋಪದಲ್ಲಿ ‘ಅತ್ಯಂತ ರಂಜನೀಯ ಮಂಡನೆ’ ಎಂಬ ಬಹುಮಾನವನ್ನು ನಿಂತ ನಿಲುವಿನಲ್ಲೇ ಹುಟ್ಟುಹಾಕಿ ನನ್ನ ಕೈಗಿತ್ತರು. ಗಾಜಿನ ಫಲಕ. ಬಾರದೇ ಹೋದ ಗಣ್ಯರೊಬ್ಬರಿಗೆ ಮಾಡಿಸಿದ್ದಂತೆ. ‘ಮುಖ್ಯ ಅತಿಥಿ’ ಎಂಬ ಅಕ್ಷರಗಳ ಮೇಲೆ ಚೀಟಿ ಅಂಟಿಸಿದ್ದಾರೆ.

ಮಾರನೆಯ ದಿನ ಮೇಡಂ ನನ್ನ ಆಧಾರಗಳನ್ನೆಲ್ಲ ಸಂಕಿರಣದ ಪುಸ್ತಕದ ಸಂಪಾದಕರ ಮುಂದೆ ಹರಡಿದರು. ಓದುತ್ತಾ ಓದುತ್ತಾ ಅವರ ಮುಖ ಸಪ್ಪಗಾಯಿತು. “ನಿಜಾನೇ ಇದ್ದ ಹಾಗಿದೆ” ಎಂದರು. “ಆದ್ರೆ ತಮಾಷೆ ಅಂತ ಬಹುಮಾನ ಕೊಟ್ಟು, ಅದನ್ನೇ ಸಂಶೋಧನೆ ಅಂತ ಅಚ್ಚು ಹಾಕಿದ್ರೆ ಜನ ನಮ್ಮನ್ನ ನೋಡಿ ನಗಲ್ವಾ? ಇಪ್ಪತ್ತನೇ ತಾರೀಕು ಸೋಮವಾರದೊಳಗೆ ಫಲಕ ವಾಪಸ್ ಕೊಡಲಿ. ಬಹುಮಾನ ರದ್ದು ಅಂತ ನೋಟಿಸ್ ಹಾಕಿ, ಲೇಖನ ತಗೋತೀವಿ.”

ಜನ ನಕ್ಕಾರು ಎಂಬ ಭಯ ಯಾರಿಗೆ ಬಂತು ನೋಡು.

ನಾಳೆಯೇ ಸೋಮವಾರ. ನಾಳೆ ಬೆಳಿಗ್ಗೆ ಆ ಫಲಕವನ್ನು ಅವರ ಮೇಜಿನ ಮೇಲೆ ಕುಕ್ಕಿ ಬರುತ್ತೇನೆ. ಎರಡು ವರ್ಷದ ದುಡಿಮೆಯನ್ನು ಒಂದು ಗಾಜಿನ ಚೂರಿಗೆ ಬಿಟ್ಟುಕೊಡಲು ನನಗೇನು ಹುಚ್ಚೇ?

ಭಾವನಿಗೆ ನಮಸ್ಕಾರ ತಿಳಿಸು. ಪುಟ್ಟಿಗೆ ನನ್ನ ಆಶೀರ್ವಾದ: ಹೇಳಿದ್ದನ್ನು ಹೇಳಿದ ಹಾಗೆಯೇ ನಂಬುವ ಜನರ ನಡುವೆ ಅವಳು ನೂರು ಕಾಲ ಬಾಳಲಿ. ಅದಕ್ಕಾಗಿ ಈಗಿನಿಂದಲೇ ಅವಳನ್ನು ಸೋದರಮಾವನಿಂದ ದೂರ ಇಟ್ಟು ಬೆಳೆಸು.

ಇಂತಿ,
ಸತ್ಯಸಂಧನೆಂದು ಇನ್ನೂ ಸಾಬೀತಾಗದ ನಿನ್ನ ತಮ್ಮ,
ಕೋತಿರಾಯ

ವಿ.ಸೂ.: ಸಭೆ ನಕ್ಕಿತು ಎಂದು ಬರೆದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಯಾರೆಂದು ಬರೆಯಲಿಲ್ಲ. ಅಪ್ಪ. ಅಮ್ಮ ಹೋದ ಮೇಲೆ ಆ ಸದ್ದನ್ನೇ ನಾನು ಕೇಳಿರಲಿಲ್ಲ. ನಾನು ನಗಿಸಲೆಂದೇ ನಿಂತಿದ್ದೇನೆ ಎಂದುಕೊಂಡರು ಪಾಪ. ಮಗನ ಮರ್ಯಾದೆ ಉಳಿಸಲೆಂದು ನಗಲು ಶುರುಮಾಡಿದವರಿಗೆ ಆಮೇಲೆ ನಿಜವಾಗಿಯೂ ನಗು ಹತ್ತಿತು, ಕಣ್ಣೊರೆಸಿಕೊಂಡು ನಕ್ಕರು. ಮನೆಗೆ ಬರುವಾಗ, “ನಿಮ್ಮಮ್ಮ ಇರಬೇಕಿತ್ತು ಕಣೋ, ಬಿದ್ದು ಬಿದ್ದು ನಗೋಳು” ಎಂದರು.

ಗಂಟೆ ಬಾರಿಸಿದಾಗ ನನ್ನ ಕೈಯಲ್ಲಿ ಒಂದು ಹಾಳೆ ಉಳಿದಿತ್ತು. ಅದು ಅಮ್ಮನ ಬಗ್ಗೆ ನಾನು ಬರೆದದ್ದು. ಅಪ್ಪನನ್ನು ಮೊದಲ ಬಸ್ಸಿಗೆ ಎಬ್ಬಿಸಲು ಅವಳು ದಿನಾ ಎಷ್ಟು ಮುಂಚೆ ಏಳುತ್ತಿದ್ದಳು, ಅವಳನ್ನು ಯಾರು ಎಬ್ಬಿಸುತ್ತಿದ್ದರು ಎಂದು. ಕೊನೆಕೊನೆಗೆ ಏಳಲಾಗದೆ, ಮಲಗಿದಲ್ಲಿಂದಲೇ ಕೈಚಾಚಿ ಅವರ ಭುಜ ತಟ್ಟುತ್ತಿದ್ದಳಲ್ಲ, ಅದನ್ನೂ ಬರೆದಿದ್ದೆ. ಅಪ್ಪನನ್ನು ಕರೆದುಕೊಂಡು ಹೋಗಿದ್ದು ಆ ಒಂದು ಹಾಳೆಗೋಸ್ಕರ.

ಈಗ ಅವರು ಬಾಗಿಲಲ್ಲಿ ನಿಂತು, ಎದುರುಮನೆಯ ಟೈಲರಿಗೆ ಬಟಾಣಿ ಊದುವುದನ್ನು ಮಾಡಿ ತೋರಿಸುತ್ತಿದ್ದಾರೆ. ಫಲಕ ಅವರ ಕಂಕುಳಲ್ಲಿದೆ. ವಾಪಸ್ ಕೊಟ್ಟರೆ ಯಾಕೆಂದು ಕೇಳುತ್ತಾರೆ. ಹೇಳಿದರೆ, ತಾನು ಯಾವುದಕ್ಕೆ ನಕ್ಕೆ ಎಂಬುದು ಅವರಿಗೆ ತಿಳಿದುಹೋಗುತ್ತದೆ.

ನಾನು ಕೊಡುವುದಿಲ್ಲ ಅಕ್ಕ. ಪುಸ್ತಕ ಹಾಳಾಗಿ ಹೋಗಲಿ.

ಆ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಅಪ್ಪನಿಗೆ ಹೇಳಬೇಡ. ನೀನೊಬ್ಬಳಾದರೂ ನಗದೆ ಓದು.